ಮೊದಲು ಹೊರಗೆ ಹೋಗುವವರು ಯಾರು?

ಸೈರನ್ ಕೂಗಿದ ಕೂಡಲೇ ಎಲ್ಲರೂ ಓಡಬೇಕು ಎಂದು ಹೇಳಿಕೊಟ್ಟಿದ್ದೆ. ಎಲ್ಲರೂ ಓಡಿದರು ನಿಜ. ಆದರೆ ಹೊರಗಲ್ಲ, ಒಳಗೆ.

ಆನಂದಪುರದ ಹತ್ತಿರ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ಹಿಂದೆ ಅಕ್ಕಿ ಗಿರಣಿಯಾಗಿದ್ದ ಒಂದು ಶೆಡ್ಡು. ಅದರಲ್ಲಿ ಮಹಿಳಾ ಸಂಘವೊಂದರ ಹಾಳೆ ತಟ್ಟೆ ಘಟಕ. ಅಡಿಕೆ ಮರದಿಂದ ಬಿದ್ದ ಹಾಳೆಯನ್ನು ತೊಳೆದು, ತೇವ ಆರುವ ಮೊದಲೇ ಪ್ರೆಸ್ಸಿನ ಕಾದ ಅಚ್ಚುಗಳ ನಡುವೆ ಇಟ್ಟು ಒತ್ತಿದರೆ ತಟ್ಟೆಯಾಗುತ್ತದೆ. ಅಂದರೆ ಒಂದೇ ಮಾಡಿನ ಕೆಳಗೆ ಗರಿಗರಿ ಒಣಗಿದ ಹಾಳೆಯ ರಾಶಿ, ದಿನವಿಡೀ ಕಾಯುವ ಕಬ್ಬಿಣ, ಕಾಲಡಿಯಲ್ಲಿ ನಾರಿನ ಧೂಳು, ತಲೆಯ ಮೇಲೆ ಗಿರಣಿ ಕಾಲದ ವೈರಿಂಗು. ಬೆಂಕಿಗೆ ಆಮಂತ್ರಣ ಪತ್ರಿಕೆ ಕೊಡುವುದೊಂದು ಬಾಕಿ. ನಾನು ಅಲ್ಲಿ ಮೇಲ್ವಿಚಾರಕಿ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ವಾದ ಮಾಡಿ ಅಭ್ಯಾಸವಾದವಳು ಎಂಬ ಕಾರಣಕ್ಕೆ, ಇಲಾಖೆಯವರ ಜೊತೆ ಮಾತಾಡುವ ಕೆಲಸವೆಲ್ಲ ನನ್ನ ತಲೆಗೇ ಬರುತ್ತಿತ್ತು. ಬೆಂಕಿ ಸುರಕ್ಷತೆಯೂ ಹಾಗೆಯೇ ಬಂತು.

ಮಳೆ ಹಿಡಿಯುವ ಮೊದಲು ಅಗ್ನಿಶಾಮಕ ಅಧಿಕಾರಿ ಬಂದು ಡ್ರಿಲ್ ನೋಡಿ ಒಪ್ಪಬೇಕಿತ್ತು. ಒಪ್ಪಿದರೆ ಶೆಡ್ಡಿನ ಯಜಮಾನರು ಬಾಡಿಗೆ ಮುಂದುವರಿಸುತ್ತಾರೆ, ಇಲ್ಲದಿದ್ದರೆ ಬೀಗ. ಬೀಗ ಬಿದ್ದರೆ ಅಲ್ಲಿದ್ದ ಹೆಂಗಸರೆಲ್ಲ ಮತ್ತೆ ಬೇರೆಯವರ ಶುಂಠಿ ಗದ್ದೆಗೆ ಕೂಲಿಗೆ. ಇದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಮೊದಲ ಡ್ರಿಲ್ ಹೀಗಾಯಿತು.

ಶೆಡ್ಡಿನ ದೂರದ ಮೂಲೆಯಲ್ಲಿ ಒಂದು ಹಳೆಯ ಬಾಣಲೆ ಇಟ್ಟು, ಅದರಲ್ಲಿ ಒದ್ದೆ ಹಾಳೆಯ ಚೂರುಗಳಿಗೆ ಕಿಡಿ ತಾಗಿಸಿ ಹೊಗೆ ಎಬ್ಬಿಸಿದೆ. ಸೈರನ್ ಒತ್ತಿದೆ. ಎಲ್ಲರೂ ಕೆಲಸ ಬಿಟ್ಟು ಅಂಗಳದ ಹಲಸಿನ ಮರದ ಕೆಳಗೆ ಸೇರಬೇಕು, ಅಷ್ಟೇ ಪಾಠ. ಮೂಲೆಯ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ಬ್ಯಾಕೋಡಿನ ಹೆಂಗಸು ತೊಳೆಯುವ ತೊಟ್ಟಿಯಿಂದ ಬಕೆಟ್ ತುಂಬಿ ತಂದು ಬಾಣಲೆಗೆ ಅರ್ಧ, ನನಗೆ ಅರ್ಧ ಸುರಿದಳು. ಅಂಗಳದಲ್ಲಿ ಹಾಳೆ ಆರಿಸುತ್ತಿದ್ದವರು, ಅಂದರೆ ಆಗಲೇ ಹೊರಗಿದ್ದವರು, ಕೊಡ ಹಿಡಿದು ಒಳಗೆ ನುಗ್ಗಿದರು. ರಸ್ತೆಯಾಚೆಯ ಪಂಕ್ಚರ್ ಅಂಗಡಿಯವನು ಟ್ಯೂಬ್ ಅದ್ದುವ ಟಬ್ಬನ್ನೇ ಹೊತ್ತು ಬಂದ.

"ಎಲ್ಲಿ ಬಿತ್ತೇ ಬೆಂಕಿ? ಎಲ್ಲಿ?"

"ಎಲ್ಲೂ ಬಿದ್ದಿಲ್ಲ ಮಾರಾಯ! ಇದು ಡ್ರಿಲ್ಲು!"

"ಮೊದ್ಲೇ ಹೇಳೋದಲ್ವಾ? ಗಿರಾಕಿ ಟಯರ್ ಬಿಚ್ಚಿಟ್ಟು ಬಂದೀನಿ," ಎಂದು ಅವನು ಬೈದುಕೊಂಡು ಹೋದ.

ಹಲಸಿನ ಮರದ ಕೆಳಗೆ ಒಂದು ನಾಯಿ ಮಾತ್ರ ಮಲಗಿತ್ತು. ನಿಯಮ ಪಾಲಿಸಿದ್ದು ಅದೊಂದೇ.

ಸಂಘದ ಅಧ್ಯಕ್ಷೆ ಬಾಗಿಲ ಪಕ್ಕದ ಪ್ಯಾಕಿಂಗ್ ಮೇಜಿನ ಹಿಂದೆ ನಿಂತು ಸೆರಗಿನಿಂದ ಬಾಯಿ ಮುಚ್ಚಿ ನಗುತ್ತಿದ್ದರು. ಐವತ್ತು ದಾಟಿದ, ಧ್ವನಿಯಲ್ಲೇ ಊರು ಆಳಬಲ್ಲ ಹೆಂಗಸು. ಖುಷಿಯಲ್ಲಿದ್ದರೆ ನನ್ನನ್ನು ತಂಗಿ ಎನ್ನುತ್ತಿದ್ದರು, ಸಿಟ್ಟು ಬಂದರೆ ಮೇಡಂನೋರೇ. ನಾನು ವಾದಿಸಿ ಸೋಲುತ್ತಿದ್ದದ್ದು ಅವರೊಬ್ಬರ ಹತ್ತಿರ. ಸೋತು ಮನೆಗೆ ಹೋಗುವಾಗ ಖುಷಿಯೇ ಆಗುತ್ತಿತ್ತು ಎನ್ನುವುದು ಬೇರೆ ಮಾತು.

ಆ ಬೇಸಗೆಯಲ್ಲಿ ನಮ್ಮ ಜಗಳಗಳಿಗೆ ಲೆಕ್ಕವಿರಲಿಲ್ಲ. ಬೆಂಕಿ ಆರಿಸುವ ಕೆಂಪು ಸಿಲಿಂಡರುಗಳಿಗೆ ಆಯುಧಪೂಜೆಯಲ್ಲಿ ಹೂವಿನ ಮಾಲೆ ಹಾಕಿದ್ದರು, ಸರಿ. ಆದರೆ ಒತ್ತಡ ತೋರಿಸುವ ಸಣ್ಣ ಗಾಜಿನ ನಟ್ಟನಡುವೆ ಕುಂಕುಮ ಹಚ್ಚಿದ್ದರಿಂದ ಮುಳ್ಳು ಹಸಿರಿನಲ್ಲಿದೆಯೋ ಕೆಂಪಿನಲ್ಲಿದೆಯೋ ಕಾಣುತ್ತಿರಲಿಲ್ಲ. ನಾನು ಉಗುರಿನಿಂದ ಕೆರೆಯುತ್ತಾ ಗೊಣಗಿದೆ.

"ಪೂಜೆ ಮಾಡಿದ್ದಕ್ಕೇ ಕಣೇ ಇಷ್ಟು ವರ್ಷ ಇಲ್ಲಿ ಬೆಂಕಿ ಬಿದ್ದಿಲ್ಲ," ಎಂದರು ಅಧ್ಯಕ್ಷೆ.

"ಪಂಕ್ಚರ್ ಅಂಗಡಿಯಲ್ಲಿ ಪೂಜೆನೇ ಇಲ್ಲ. ಅಲ್ಲೂ ಬಿದ್ದಿಲ್ವಲ್ಲ ಅಕ್ಕ?"

"ಅವ್ನು ನಮ್ಮ ಪಕ್ಕದಲ್ಲಿ ಇದಾನಲ್ಲ, ಅದ್ಕೇ."

ಇಂಥ ವಾದದ ಎದುರು ಯಾವ ತೀರ್ಪುಗಾರರೂ ನನಗೆ ಅಂಕ ಕೊಡುತ್ತಿರಲಿಲ್ಲ.

ಡ್ರಿಲ್ಲಿನ ಮರುದಿನ ಚಹಾದ ಹೊತ್ತಿಗೆ ಎಲ್ಲರನ್ನೂ ಕೂರಿಸಿದೆ. ಬೆಂಕಿ ಕಂಡಾಗ ಅದರ ಕಡೆಗೆ ಯಾಕೆ ಓಡಿದಿರಿ ಎಂದು ಕೇಳಿದೆ. ಅಧ್ಯಕ್ಷೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಮತ್ತೆ ಎಲ್ಲಿಗೆ ಓಡ್ಬೇಕಿತ್ತು? ಬೇಣಕ್ಕೆ ಬೆಂಕಿ ಬಿದ್ರೆ ಒಂದು ಕೂ ಹಾಕ್ತಾರೆ. ಕೇಳಿದವ್ರು ಕೈಯಲ್ಲಿದ್ದ ಅನ್ನ ಬಿಟ್ಟು ಹಸಿ ಸೊಪ್ಪು ಮುರ್ಕೊಂಡು ಬೆಂಕಿ ಬಡಿಯೋಕೆ ಓಡ್ತಾರೆ. ಬೆನ್ನು ತಿರುಗಿಸಿ ಓಡಿದವ್ರ ಮನೆಗೆ ಆಮೇಲೆ ಒಂದು ಹೆಣ್ಣು ಕೊಡ್ತಾರಾ? ನಿಮ್ಮ ಮೇಳಿಗೆ ಕಡೆ ಹೆಂಗೋ ಗೊತ್ತಿಲ್ಲಪ್ಪ."

ನಮ್ಮೂರ ಕಡೆಯೂ ಹಾಗೆಯೇ. ಬೇಣವೆಂಬ ಹುಲ್ಲುಗುಡ್ಡಕ್ಕೆ ಬೆಂಕಿ ಬಿದ್ದಾಗ ಮೊದಲು ಓಡಿದವರ ಹೆಸರನ್ನು ಮೂರು ತಲೆಮಾರು ಹೇಳುತ್ತಾರೆ, ಓಡದವರ ಹೆಸರನ್ನು ಅದಕ್ಕಿಂತ ಹೆಚ್ಚು ಕಾಲ. ಆದರೆ ಒಪ್ಪಿಕೊಂಡರೆ ವಾದ ಕೈಬಿಟ್ಟಂತೆ. "ಬೇಣಕ್ಕೆ ಮಾಡು ಇದೆಯಾ ಅಕ್ಕ?" ಎಂದು ಕೇಳಿದೆ. "ಅಲ್ಲಿ ಹೊಗೆ ಆಕಾಶಕ್ಕೆ ಹೋಗುತ್ತೆ. ಇಲ್ಲಿ ಎಲ್ಲಿಗೆ ಹೋಗುತ್ತೆ?"

"ಹೊಗೆಗೆ ಹೆದ್ರೋರಾ ನಾವು? ಒಲೆ ಮುಂದೇನೇ ಹುಟ್ಟಿ ಬೆಳೆದೋರು."

ಚಹಾದ ಗಾಜಿನ ಲೋಟವೊಂದನ್ನು ಬೋರಲು ಹಾಕಿ, ಅದರ ಅಡಿಗೆ ಹೊಗೆಯಾಡುವ ಊದುಬತ್ತಿ ತೂರಿಸಿದೆ. ಹೊಗೆ ಮೊದಲು ಮೇಲೆ ಕಟ್ಟಿತು. ನಂತರ ಪದರ ಪದರವಾಗಿ ಕೆಳಗಿಳಿಯಿತು. ಎಲ್ಲರೂ ಬಗ್ಗಿ ನೋಡಿದರು. "ಈ ಲೋಟ ನಮ್ಮ ಶೆಡ್ಡು. ಸುಟ್ಟು ಸಾಯೋಕೆ ಮೊದಲೇ ಉಸಿರು ಕಟ್ಟಿ ಬೀಳ್ತೀವಿ. ಬಕೆಟ್ ಹಿಡಿದವಳೇ ಮೊದಲು ಬೀಳೋದು."

ಬ್ಯಾಕೋಡಿನವಳು ಲೋಟವನ್ನೇ ದಿಟ್ಟಿಸುತ್ತಾ, "ಹೌದಲ್ವಾ," ಎಂದಳು. ಗೆದ್ದೆ ಎಂದುಕೊಂಡೆ.

ಎರಡನೆಯ ಡ್ರಿಲ್ಲಿನಲ್ಲಿ ಯಾರೂ ಬಕೆಟ್ ಮುಟ್ಟಲಿಲ್ಲ. ಎಲ್ಲರೂ ಬಾಗಿಲ ತನಕ ಬಂದರು. ಬಂದು ನಿಂತರು. ಶೆಡ್ಡಿಗೆ ಇದ್ದದ್ದು ಒಂದೇ ಬಾಗಿಲು, ಭತ್ತದ ಗಾಡಿ ಹೊಗುವಷ್ಟು ದೊಡ್ಡದು. ಆದರೂ ಅಲ್ಲಿ ಮದುವೆ ಛತ್ರದ ಊಟದ ಬಾಗಿಲಿನ ಹಾಗೆ ಜನ ಕಟ್ಟಿಕೊಂಡಿತು.

"ನೀ ಹೋಗೇ ಮೊದ್ಲು."

"ನಾನ್ಯಾಕೆ? ನೀನೇ ಹೋಗು."

"ದೊಡ್ಡೋರು ಇದಾರೆ, ಅವ್ರು ಹೋಗ್ಲಿ."

ದೊಡ್ಡವರಾದ ಅಧ್ಯಕ್ಷೆ ಹೊಸಲಿನ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದರು. "ಇಷ್ಟು ಜನ ಒಳಗಿರೋವಾಗ ನಾನು ಮೊದ್ಲು ಹೊರಗೆ ಹೋಗ್ಲಾ? ಚಂದ ಇರುತ್ತೆ."

ಚರ್ಚೆಯಲ್ಲಿ ನಾನು ಗೆದ್ದಿದ್ದೆ. ಬೆಂಕಿ ನಿಜವಾಗಿದ್ದರೆ ಅಷ್ಟೂ ಜನ ಬಾಗಿಲಲ್ಲೇ ಮರ್ಯಾದೆಯಿಂದ ಸತ್ತಿರುತ್ತಿದ್ದರು.

ಈಗ ನಾನು ಕೆಲಸ ಮಾಡುವ ದೊಡ್ಡ ಕಾರ್ಖಾನೆಯಲ್ಲಿ ಸೈರನ್ ಆದರೆ ಜನ ಮೊಬೈಲು ನೋಡುತ್ತಾ ನಡೆದು ಹೋಗಿ ಗುರುತು ಮಾಡಿದ ಜಾಗದಲ್ಲಿ ನಿಲ್ಲುತ್ತಾರೆ. ಯಾರೂ ಯಾರಿಗೂ ಕಾಯುವುದಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಅದೇ ಸರಿ. ಆದರೂ ಅಲ್ಲಿ ನಿಂತಾಗೆಲ್ಲ ಆ ಬಾಗಿಲಿನ ನೂಕುನುಗ್ಗಲು ನೆನಪಾಗುತ್ತದೆ. ಕಾದ ಹಾಳೆಯ ವಾಸನೆ ನೆನಪಾಗುತ್ತದೆ. ಹೊಸ ಭತ್ತ ಬೇಯಿಸುವ ವಾಸನೆಗೂ ಒದ್ದೆ ಕಟ್ಟಿಗೆಯ ವಾಸನೆಗೂ ನಡುವಿನದೇನೋ ಅದು, ಇಂಥದೇ ಎಂದು ಹೇಳಲು ಬರುವುದಿಲ್ಲ. ಹೊಸನಗರದ ಕಡೆಯಿಂದ ಹಾಳೆಯ ಲೋಡು ಬಂದ ದಿನ ಶೆಡ್ಡಿಗೆ ಹಬ್ಬದ ಕಳೆ. ಬ್ಯಾಕೋಡಿನ ಕಡೆಯ ಲೋಡು ಆಗಿನ್ನೂ ಹಿನ್ನೀರನ್ನು ಲಾಂಚಿನಲ್ಲಿ ದಾಟಿ ಬರಬೇಕಿತ್ತು. ಮೂಲೆ ಪ್ರೆಸ್ಸಿನವಳು ಅದನ್ನು ಇಳಿಸುವಾಗ ಒಂದೊಂದು ಕಟ್ಟನ್ನೂ ಮೂಸಿ, "ಇದು ನಮ್ಮ ಕಡೇದು," ಎಂದು ಬೇರೆ ಇಡುತ್ತಿದ್ದಳು. ಮೂಸಿ ನೋಡಿದರೆ ಊರು ಗೊತ್ತಾಗುತ್ತದೆ ಎಂದು ನಾನು ನಂಬಿರಲಿಲ್ಲ. ಕಟ್ಟುಗಳನ್ನು ಕಲಸಿ ಪರೀಕ್ಷೆ ಮಾಡಿದೆ. ಅವಳು ಅರ್ಧಕ್ಕರ್ಧ ತಪ್ಪು ಹೇಳಿ, ಹಾಳೆಯದೇ ತಪ್ಪು ಎಂದು ವಾದಿಸಿದಳು. ನನ್ನ ಶಿಷ್ಯೆಯಾಗಬೇಕಿತ್ತು.

ಬಾಗಿಲಿನ ಸಮಸ್ಯೆಯನ್ನು ಹಲವು ದಿನ ಯೋಚಿಸಿದೆ. ಇವರು ಬೆಂಕಿಗೆ ಬೆನ್ನು ತೋರಿಸಿ ಓಡುವವರಲ್ಲ. ಹಾಗಾದರೆ ಓಡಲು ಹೊರಗೆ ಒಂದು ಕೆಲಸ ಇರಬೇಕು. ಅಂಗಳದಲ್ಲಿ ತಗಡಿನ ಚಪ್ಪರದಡಿ ಮಳೆಗಾಲಕ್ಕೆಂದು ಕೂಡಿಟ್ಟ ಹಾಳೆಯ ದೊಡ್ಡ ರಾಶಿ ಇತ್ತು. ಶೆಡ್ಡಿಗೆ ಬೆಂಕಿ ಬಿದ್ದರೆ ಕಿಡಿ ಹಾರಿ ಮೊದಲು ತಾಗುವುದು ಅದಕ್ಕೆ, ಅಲ್ಲಿಂದ ಹಿಂದಿನ ಬೇಣಕ್ಕೆ. ಹಾಗಾಗಿ ಶೆಡ್ಡಿನಿಂದ ಅದನ್ನು ಇನ್ನಷ್ಟು ದೂರಕ್ಕೆ ಸರಿಸಿದೆವು, ಬೆಂಕಿ ದಾಟದಂತೆ ಸುತ್ತ ನೆಲ ಕೆರೆದು ಬೆಂಕಿಗೆರೆ ಮಾಡಿದೆವು, ಪಕ್ಕದಲ್ಲಿ ಡ್ರಮ್ಮುಗಳಲ್ಲಿ ನೀರು ತುಂಬಿಸಿಟ್ಟೆವು. ಹೊಸ ಪಾಠ ಚಿಕ್ಕದು: ಸೈರನ್ ಕೂಗಿದರೆ ಹೊರಗಿನ ರಾಶಿ ಉಳಿಸಲು ಓಡಿ.

"ಹಂಗೆ ಹೇಳು ಮತ್ತೆ," ಎಂದರು ಅಧ್ಯಕ್ಷೆ. "ಮರದ ಕೆಳಗೆ ನಿಲ್ಲೋಕೆ ನಾವೇನು ಬಸ್ಸಿಗೆ ಕಾಯ್ತೀವಾ?"

ಮೂರನೆಯ ಡ್ರಿಲ್ಲಿನಲ್ಲಿ ಎಲ್ಲರೂ ಬಾಣದ ಹಾಗೆ ಹೊರಗೆ ಹೋದರು. ಒಬ್ಬರ ಹೊರತು. ಅಧ್ಯಕ್ಷೆ ಹೊಸಲಿನ ಒಳಗೇ ನಿಂತು ಎಲ್ಲರ ಬೆನ್ನಿಗೆ ಕೈಕೊಟ್ಟು ಹೊರಗೆ ದಬ್ಬಿ, ಕೊನೆಯವರಾಗಿ ಬಂದರು. ನಾನು ತಕರಾರು ಎತ್ತಿದೆ. "ಯಾರಾದ್ರೂ ಒಬ್ರು ಕೊನೇಲಿ ಬರ್ಲೇಬೇಕಲ್ಲ, ಅದು ನಾನೇ ಆದ್ರೆ ನಿಂಗೇನು?" ಎಂದರು. ತರ್ಕದಲ್ಲಿ ತೂತು ಕಾಣಲಿಲ್ಲ. ಬಿಟ್ಟೆ.

ಅಷ್ಟರಲ್ಲಿ ನಾವು ಯಾರೂ ಯೋಚಿಸದಿದ್ದದ್ದು ನಡೆಯಿತು. ಒಂದು ಮಧ್ಯಾಹ್ನ, ಊಟ ಮುಗಿದು ಕೆಲಸ ಮತ್ತೆ ಹತ್ತಿದ ಹೊತ್ತು. ಹಿಂದಿನ ಬೇಣದ ಕಡೆಯಿಂದ ಉದ್ದನೆಯ ಒಂದು ಕೂ ಕೇಳಿತು. ಡ್ರಿಲ್ ಅಲ್ಲ. ಬೇಣದಲ್ಲಿ ನಿಜವಾಗಿಯೂ ಹುಲ್ಲು ಹತ್ತಿತ್ತು. ಶೆಡ್ಡು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಖಾಲಿ. ನಾನೂ ಸೊಪ್ಪು ಮುರಿಯುತ್ತಾ ಬೇಲಿ ದಾಟಿದವಳು, ಒಮ್ಮೆಲೇ ನಿಂತೆ. ಪ್ರೆಸ್ಸುಗಳನ್ನು ಯಾರೂ ಆರಿಸಿರಲಿಲ್ಲ.

ವಾಪಸ್ ಬಂದಾಗ ಒಳಗೆ ಕಮಟು ಹೊಗೆ. ಅಚ್ಚುಗಳ ನಡುವೆ ಸಿಕ್ಕಿಕೊಂಡಿದ್ದ ಹಾಳೆಗಳು ಕರಟುತ್ತಿದ್ದವು. ನಡುವಿನ ಒಂದು ಪ್ರೆಸ್ಸಿನಿಂದ ಕಿಡಿ ಉದುರಿ ಕೆಳಗಿನ ಚೂರುಗಳ ರಾಶಿಗೆ ಹತ್ತಿ, ಮೊಣಕಾಲೆತ್ತರದ ಉರಿ ಎದ್ದಿತ್ತು. ಕರೆಂಟಿರುವ ಯಂತ್ರಕ್ಕೆ ನೀರು ಹಾಕುವಂತಿಲ್ಲ. ಮೇನ್ ಸ್ವಿಚ್ಚು ಹೊಗೆಯ ಆಚೆಗಿನ ಗೋಡೆಯಲ್ಲಿತ್ತು. ಬಾಗಿಲ ಪಕ್ಕದ ಸಿಲಿಂಡರು ಎತ್ತಿ, ಪಿನ್ನು ಎಳೆದು, ಉರಿಯ ಬುಡಕ್ಕೆ ಹಿಡಿದು ಒತ್ತಿದೆ. ಅಭ್ಯಾಸ ಮಾಡುವಾಗಿನ ಗತ್ತು ಇರಲಿಲ್ಲ. ನನ್ನ ಬೆನ್ನಿಗೇ ಮೂಲೆ ಪ್ರೆಸ್ಸಿನವಳು ಬಂದು ಒಂದೊಂದೇ ಪ್ರೆಸ್ಸಿನ ಹಿಡಿ ಎಳೆದು ಅಚ್ಚುಗಳ ಬಾಯಿ ಬಿಡಿಸಿದಳು.

ಉರಿ ಆರಿತು. ಶೆಡ್ಡಿನೊಳಗೆಲ್ಲ ಸಿಲಿಂಡರಿನ ಪುಡಿಯ ಬಿಳಿ. ಬೇಣದ ಬೆಂಕಿ ಬಡಿದು ಆರಿಸಿ, ಮುಖಕ್ಕೆ ಮಸಿ ಮೆತ್ತಿಕೊಂಡು, ಗೆದ್ದ ತಂಡದ ಹಾಗೆ ಬಂದ ಅಧ್ಯಕ್ಷೆ ಹೊಸಲಲ್ಲೇ ನಿಂತರು.

"ಇದೆಂಥದೇ? ಹಬ್ಬಕ್ಕೆ ಸುಣ್ಣ ಹೊಡೆದ್ಯಾ?"

ಯಾರೂ ನಗಲಿಲ್ಲ. ಅವರೂ ನಕ್ಕಿರಲಿಲ್ಲ. ಕರಟಿದ ಹಾಳೆಗಳನ್ನು ನೋಡುತ್ತಾ ಪ್ಯಾಕಿಂಗ್ ಮೇಜಿಗೆ ಒರಗಿದರು. ಹೊರಗಿನ ಬೆಂಕಿಗೆ ಓಡಿ ಒಳಗಿನ ಬೆಂಕಿ ಸಾಕುತ್ತಿದ್ದೆವು.

ಅದರ ನಂತರ ನಮ್ಮಿಬ್ಬರ ನಡುವೆ ಕೆಲವು ದಿನ ಜಗಳವೇ ಇರಲಿಲ್ಲ. ಅದು ನನಗೆ ಹಿಡಿಸಲಿಲ್ಲ.

ಸಾಗರದಿಂದ ಎಲೆಕ್ಟ್ರಿಷಿಯನ್ ಬಂದ. ಅವನ ಬಾಯಿಯಲ್ಲಿ ನಾಳೆ ಎಂಬ ಪದ ಎಲೆ ಅಡಿಕೆಯ ಹಾಗೆ ಸದಾ ಇರುತ್ತಿತ್ತು. ಆದರೆ ಬಂದ ದಿನ ಚೆನ್ನಾಗಿ ಕೆಲಸ ಮಾಡಿದ. ಬಾಗಿಲಿನ ಹೊರಗೋಡೆಗೆ ಅಣಬೆಯ ತಲೆಯಂಥ ಒಂದು ಕೆಂಪು ಗುಂಡಿ ಕೂರಿಸಿದ. ಅಂಗೈಯಿಂದ ಒತ್ತಿದರೆ ಪ್ರೆಸ್ಸು, ಹೀಟರು, ಫ್ಯಾನು ಎಲ್ಲಕ್ಕೂ ಕರೆಂಟು ಕಡಿತ. ದೀಪ ಮತ್ತು ನೀರಿನ ಪಂಪು ಮಾತ್ರ ಬೇರೆ ಲೈನಿನಲ್ಲಿ ಉಳಿಯುತ್ತವೆ. ಸೈರನ್ ಬ್ಯಾಟರಿಯದು, ಒಮ್ಮೆ ಉದ್ದಕ್ಕೆ ಕೂಗಿ ನಿಲ್ಲುವಂಥದ್ದು.

ಪ್ರಯೋಗ ಮಾಡಿದಾಗ ಅದರಲ್ಲೂ ತೊಡಕು. ನಮ್ಮವು ಹೈಡ್ರಾಲಿಕ್ ಪ್ರೆಸ್ಸುಗಳು. ಅಚ್ಚು ಮುಚ್ಚಿರುವಾಗ ಕರೆಂಟು ಹೋದರೆ ಮುಚ್ಚಿಯೇ ಇರುತ್ತದೆ. ಒಳಗಿನ ಹಾಳೆ, ಕಬ್ಬಿಣದ ಉಳಿದ ಕಾವಿಗೇ ಕರಟುತ್ತದೆ. ಆದ್ದರಿಂದ ಪ್ರತಿಯೊಬ್ಬಳೂ ಮೊದಲು ತನ್ನ ಪ್ರೆಸ್ಸಿನ ಬಾಯಿ ಬಿಡಿಸಬೇಕು, ಆಮೇಲೆ ಹೊರಡಬೇಕು. ಎಲ್ಲರೂ ಹೊರಟ ಮೇಲೆಯೇ ಗುಂಡಿ. ಹಾಗಾದರೆ ಗುಂಡಿ ಒತ್ತುವವಳು ಯಾರು? ಬಾಗಿಲಿಗೆ ಅತಿ ದೂರ ಇರುವವಳು, ಮೂಲೆ ಪ್ರೆಸ್ಸಿನ ಬ್ಯಾಕೋಡಿನವಳು. ಅವಳು ಹೊಸಲು ದಾಟಿ ಒತ್ತಿದಳೆಂದರೆ ಒಳಗೆ ಯಾರೂ ಇಲ್ಲ. ಶೆಡ್ಡಿನಲ್ಲಿ ದಿನವಿಡೀ ಗುಂಯ್‌ಗುಡುವ ಸದ್ದು ನಿಂತಿತೆಂದರೆ ಎಲ್ಲರೂ ಹೊರಗಿದ್ದಾರೆ. ತಲೆ ಎಣಿಸುವುದೇ ಬೇಡ. ಈ ಯೋಚನೆ ಹೊಳೆದ ದಿನ ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಒಂದನ್ನು ಮಾತ್ರ ಗಮನಿಸಿರಲಿಲ್ಲ. ಗುಂಡಿ ಒತ್ತಲು ಬೇರೆಯವಳಿದ್ದರೂ, ಅಧ್ಯಕ್ಷೆ ಹೊಸಲಿನ ಒಳಗೆ ನಿಲ್ಲುವುದನ್ನು ಬಿಟ್ಟಿರಲಿಲ್ಲ.

ಅಗ್ನಿಶಾಮಕ ಅಧಿಕಾರಿ ಬಂದದ್ದು ಮೊದಲ ಮಳೆಗೆ ಮೋಡ ಕಟ್ಟುತ್ತಿದ್ದ ದಿನಗಳಲ್ಲಿ, ಬೆಳಗಿನ ಹೊತ್ತು. ಜೊತೆಗೆ ಇಬ್ಬರು ಸಿಬ್ಬಂದಿ. ಮೆಲುಮಾತಿನ ಮನುಷ್ಯ, ಎಲ್ಲವನ್ನೂ ಮುಟ್ಟಿ ನೋಡಿದರು. ಪ್ರೆಸ್ಸುಗಳ ಕೆಳಗೆ ಬಗ್ಗಿ ಧೂಳು ಹುಡುಕಿದರು. ಹಿಂದಿನ ಕಿಟಕಿಯ ಸರಳು ಕತ್ತರಿಸಿ ಎರಡನೆಯ ಬಾಗಿಲು ಮಾಡಲೇಬೇಕು ಎಂದರು. ಶೆಡ್ಡಿನ ಯಜಮಾನರು ಗೊಣಗಿಕೊಂಡು ಒಪ್ಪಿದರು. "ಸರಿ, ಡ್ರಿಲ್ ನೋಡೋಣ. ನಾನು ಹೇಳಿದಾಗ," ಎಂದು ಒಳಗೆ ಅಡ್ಡಾಡುತ್ತಾ ಹೋದರು.

ಸೈರನ್ ಕೂಗಿತು. ಪ್ರೆಸ್ಸುಗಳ ಬಾಯಿ ಒಂದರ ಹಿಂದೊಂದು ಬಿಟ್ಟವು. ಹೆಂಗಸರು ಹೊರಗೆ ಬಂದು ರಾಶಿಯ ಕಡೆ ಓಡಿದರು. ನಾನು ಗುಂಡಿಯ ಪಕ್ಕ ನಿಂತು ಕಾದೆ. ಗುಂಯ್ ಸದ್ದು ನಿಲ್ಲಲಿಲ್ಲ. ಓಡುತ್ತಿದ್ದವರು ಒಬ್ಬೊಬ್ಬರಾಗಿ ನಿಂತು ತಿರುಗಿ ನೋಡಿದರು.

"ಬ್ಯಾಕೋಡಿನೋಳು ಬಂದಿಲ್ಲ ಕಣೇ!"

ಒಳಗೆ ಬರಬೇಡಿ ಎಂದು ತಿಂಗಳುಗಟ್ಟಲೆ ಪಾಠ ಮಾಡಿದ ನಾನೇ ಹೊಸಲಿಗೆ ಕಾಲಿಟ್ಟೆ. ಒಳಗೆ ನಿಂತಿದ್ದ ಅಧ್ಯಕ್ಷೆ ನನ್ನ ರಟ್ಟೆ ಹಿಡಿದು ಹೊರಗೆ ದೂಡಿದರು. "ನೀ ಎಲ್ಲಿಗೆ? ನಾನಿದೀನಿ." ಆಮೇಲೆ ಒಳಗಿನ ಮಬ್ಬಿಗೆ ಮುಖ ಮಾಡಿ ಒಂದು ಕೂ ಹಾಕಿದರು. ಗಿರಣಿಯ ತಗಡೆಲ್ಲ ಅದುರಿತು.

ಮೂಲೆಯಿಂದ ಸಣ್ಣ ದನಿ ಬಂತು. "ಓ..."

ಅದರ ಹಿಂದೆಯೇ ಅಧಿಕಾರಿಯ ದನಿ. "ಅಯ್ಯೋ, ನೀವು ಎಚ್ಚರ ತಪ್ಪಿ ಬಿದ್ದಿದೀರಿ ಅಂತ ಹೇಳಿರ್ಲಿಲ್ವಾ? ಎಚ್ಚರ ತಪ್ಪಿದೋರು ಓಗೊಡ್ತಾರೇನ್ರಿ?"

"ಅಕ್ಕ ಕರೆದ್ರೆ ಸತ್ರೂ ಓ ಅನ್ನಬೇಕಲ್ಲ ಸರ್!"

ಅಂಗಳವೆಲ್ಲ ನಕ್ಕಿತು. ಅಧಿಕಾರಿಯೂ ನಗುತ್ತಲೇ ಹೊರಗೆ ಬಂದರು. ಸಿಬ್ಬಂದಿಯ ಭುಜಕ್ಕೆ ಒರಗಿ ಬ್ಯಾಕೋಡಿನವಳು ಕಾಯಿಲೆಯವಳ ನಡಿಗೆಯಲ್ಲಿ ಬಂದಳು. ಸದ್ದು ನಿಲ್ಲದಿದ್ದರೆ ಒಳಗೆ ಒಬ್ಬರಿದ್ದಾರೆ ಎಂದು ಎಲ್ಲರಿಗೂ ತಿಳಿದಿತ್ತು, ಅದು ಚೆನ್ನಾಗಿದೆ ಎಂದರು ಅಧಿಕಾರಿ. ನಂತರ ನಗು ನಿಲ್ಲಿಸಿ ಅಧ್ಯಕ್ಷೆಯ ಕಡೆ ತಿರುಗಿದರು.

"ಅಮ್ಮಾ, ಇದು ನಿಜ ಆಗಿದ್ರೆ ಹೆಣ ಎಷ್ಟು ಗೊತ್ತಾ? ಎರಡು. ಬಿದ್ದವಳು ಒಬ್ಬಳು, ಅವಳಿಗೆ ಕಾಯ್ತಾ ಹೊಗೇಲಿ ನಿಂತವರು ನೀವು. ಬಾಗಿಲಿಗೆ ಅತಿ ಹತ್ತಿರ ಇರೋರು ನೀವು. ಮೊದಲು ಹೊರಗೆ ಬರಬೇಕಾದವರೂ ನೀವೇ."

"ಅದೊಂದು ಆಗದ ಮಾತು ಸ್ವಾಮಿ."

"ಹಾಗಾದ್ರೆ ನಾನು ಒಪ್ಪೋದೂ ಆಗದ ಮಾತು."

ಹೆಂಗಸರೆಲ್ಲ ರಾಶಿಯ ಬಳಿಯಿಂದ ಹತ್ತಿರ ಬಂದು ನಿಂತರು. ಯಾರೂ ಅಧ್ಯಕ್ಷೆಯ ಮುಖ ನೋಡುತ್ತಿರಲಿಲ್ಲ. ಅಧಿಕಾರಿ ಗಡಿಯಾರ ನೋಡಿಕೊಂಡು, ಚಹಾ ಕುಡಿದು ಬರುತ್ತೇನೆ, ಆಮೇಲೆ ಇನ್ನೊಂದು ಸಲ ಮಾಡಿ ತೋರಿಸಿ, ಅದೇ ಕೊನೆ ಎಂದು ರಸ್ತೆಯ ಕಡೆ ನಡೆದರು.

ಅಧ್ಯಕ್ಷೆ ಪ್ಯಾಕಿಂಗ್ ಮೇಜಿನ ಹಿಂದೆ ಹೋಗಿ ಕುಳಿತು, ಅಗತ್ಯವಿಲ್ಲದಿದ್ದರೂ ತಟ್ಟೆಗಳನ್ನು ಎಣಿಸತೊಡಗಿದರು. ನಾನು ಎದುರಿಗೆ ನಿಂತೆ. ನನ್ನ ಹತ್ತಿರ ವಾದಗಳ ಸಾಲೇ ಇತ್ತು. ಹೊಗೆ, ಲೋಟ, ಶುಂಠಿ ಗದ್ದೆ, ಎಲ್ಲ. ಒಂದನ್ನೂ ಎತ್ತಲು ಮನಸ್ಸಾಗಲಿಲ್ಲ.

"ಹೇಳ್ರೀ ಮೇಡಂನೋರೇ," ಎಂದರು, ತಲೆ ಎತ್ತದೆ. "ನಿಮ್ಮ ಚರ್ಚಾಸ್ಪರ್ಧೆ ಶುರು ಮಾಡಿ."

"ಅಕ್ಕ, ಬೇಣಕ್ಕೆ ಬೆಂಕಿ ಬಿದ್ದಾಗ ಕೂ ಹಾಕೋನು ಎಲ್ಲಿ ನಿಂತಿರ್ತಾನೆ?"

"ಎಲ್ಲಿ ಅಂದ್ರೆ? ದಿಬ್ಬದ ಮೇಲೆ. ಎಲ್ಲರಿಗೂ ಕೇಳೋ ಜಾಗದಲ್ಲಿ."

"ಬೆಂಕಿ ಒಳಗೆ ನಿಂತು ಕೂ ಹಾಕ್ತಾನಾ?"

ಎಣಿಸುತ್ತಿದ್ದ ಕೈ ನಿಂತಿತು.

"ಹೊಗೆ ತುಂಬಿದ್ರೆ ಬಾಗಿಲು ಎಲ್ಲಿ ಅಂತ ಯಾರಿಗೂ ಕಾಣಲ್ಲ. ಮೂಲೆಯವಳಿಗಂತೂ ಇಲ್ಲವೇ ಇಲ್ಲ. ನಿಮ್ಮ ದನಿ ಹೊರಗಿಂದ ಬಂದ್ರೆ ಅದನ್ನೇ ಹಿಡ್ಕೊಂಡು ಬರ್ತಾರೆ. ನೀವು ಒಳಗೇ ನಿಂತ್ರೆ ಎಲ್ಲಿಗೆ ಬರ್ಬೇಕು ಅವ್ರು? ನಿಮ್ಮ ಹತ್ರಕ್ಕೇ, ಒಳಗೇ."

ಕೈಯಲ್ಲಿದ್ದ ತಟ್ಟೆಯನ್ನು ಕಟ್ಟಿನ ಮೇಲಿಟ್ಟರು. "ಮಾತಲ್ಲಿ ಮರುಳು ಮಾಡ್ತೀಯ ನೀನು," ಎಂದರು ಕೊನೆಗೆ.

"ಮಾಡ್ತೀನಿ. ಆದ್ರೆ ಇದು ಸುಳ್ಳಾ ಹೇಳಿ?"

ಅವರು ತಲೆ ಎತ್ತಿದರು. ನನ್ನನ್ನು ದಾಟಿ ಒಳಗೆ ನೋಡಿದರು. ಪ್ರೆಸ್ಸುಗಳ ಮುಂದೆ ತಮ್ಮ ತಮ್ಮ ಜಾಗದಲ್ಲಿ ನಿಂತು, ಕೆಲಸ ಮಾಡುವಂತೆ ನಟಿಸುತ್ತಾ, ಎಲ್ಲರೂ ಇತ್ತಲೇ ಕಿವಿ ಇಟ್ಟಿದ್ದರು.

ಅಧಿಕಾರಿ ಬಂದರು. ಸೈರನ್ ಕೂಗಿತು.

ಅಧ್ಯಕ್ಷೆ ಎದ್ದರು. ಹೊಸಲಿನ ಮೇಲೆ ಒಂದು ಕ್ಷಣ ಕಾಲು ತಡೆಯಿತು, ಅಭ್ಯಾಸ ಬಲದಿಂದ ಪಕ್ಕಕ್ಕೆ ಸರಿದು ನಿಲ್ಲಲು ಹೊರಟ ಹಾಗೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಾರ ಮುಖವನ್ನೂ ನೋಡದೆ, ಅವರು ಹೊರಗೆ ಕಾಲಿಟ್ಟರು. ಒಬ್ಬರೇ ಬಿಸಿಲಿನಲ್ಲಿ ಅಂಗಳ ದಾಟಿ, ಗಿರಣಿ ಕಾಲದಲ್ಲಿ ಭತ್ತದ ಮೂಟೆ ಇಳಿಸುತ್ತಿದ್ದ ಕಟ್ಟೆ ಹತ್ತಿದರು. ಅಷ್ಟು ಬಲವಾದ ಹೆಂಗಸು ಅಷ್ಟು ಒಂಟಿಯಾಗಿ ಕಂಡದ್ದು ಅದೊಂದೇ ಸಲ.

ಕೂ ಬಂತು. ಮೊದಲು ಸ್ವಲ್ಪ ಒಡೆದ ದನಿ, ನಂತರ ತುಂಬಿಕೊಂಡು ಉದ್ದಕ್ಕೆ. ಪ್ರೆಸ್ಸುಗಳ ಬಾಯಿ ಬಿಟ್ಟವು. ಹೆಂಗಸರು ಆ ದನಿಯ ಕಡೆಗೆ ಓಡಿದರು. ಯಾರೂ ಬಾಗಿಲಲ್ಲಿ ನಿಲ್ಲಲಿಲ್ಲ, ಯಾರೂ ನೀನು ಮೊದಲು ಎನ್ನಲಿಲ್ಲ. ಮೊದಲು ಹೋಗಬೇಕಾದವರು ಆಗಲೇ ಹೋಗಿದ್ದರು. ಕೊನೆಗೆ ಬ್ಯಾಕೋಡಿನವಳು ಹೊಸಲು ದಾಟಿ ಕೆಂಪು ಗುಂಡಿಗೆ ಅಂಗೈ ಬಡಿದಳು. ಶೆಡ್ಡು ನಿಶ್ಶಬ್ದವಾಯಿತು.

ಅಧಿಕಾರಿ ತಲೆಯಾಡಿಸಿದರು. ಕಿಟಕಿಯ ಕೆಲಸ ಮುಗಿದ ಕೂಡಲೇ ತಿಳಿಸಿ, ನನ್ನ ಒಪ್ಪಿಗೆ ಇದೆ ಎಂದರು. ರಾಶಿಯ ಬಳಿ ಕೂಗಾಟ, ನಗು. ಯಾರೋ ಪಂಕ್ಚರ್ ಅಂಗಡಿಯವನನ್ನು ಚಹಾಕ್ಕೆ ಕರೆಯುತ್ತಿದ್ದರು.

ಅಧ್ಯಕ್ಷೆ ಕಟ್ಟೆಯಿಂದ ಇಳಿದಿರಲಿಲ್ಲ. ನಾನು ಹತ್ತಿರ ಹೋದೆ. ಸೆರಗು ಬಿಚ್ಚಿ ಮುಖ ಒರೆಸಿಕೊಂಡರು. ಬೆವರೆಂದೇ ನಾನು ಲೆಕ್ಕ ಹಿಡಿದೆ.

"ನೋಡು ತಂಗಿ," ಎಂದರು, ತಗ್ಗಿದ ದನಿಯಲ್ಲಿ. "ನಾಳೆ ಊರಲ್ಲಿ ಯಾರಾದ್ರೂ ಕೇಳ್ತಾರೆ. ಎಲ್ಲರೂ ಒಳಗಿದ್ದಾಗ ಇವ್ಳು ಮೊದ್ಲು ಓಡಿ ಬಂದ್ಲಂತೆ ಹೌದಾ ಅಂತ. ಆಗ ನೀನೇ ದಬ್ಬಿದೆ ಅಂತ ಹೇಳ್ಬೇಕು."

"ಹೇಳ್ತೀನಿ ಅಕ್ಕ."

ಮುಟ್ಟಿಯೂ ಇರಲಿಲ್ಲ ನಾನು. ಆದರೂ ಆ ಶೆಡ್ಡಿನ ಮಾತು ಬಂದಲ್ಲೆಲ್ಲ, ಯಾರು ಕೇಳಿದರೂ, ಒಂದೇ ಉತ್ತರ ಕೊಡುತ್ತೇನೆ: ದಬ್ಬಿದ್ದು ನಾನೇ.